ಪೋರ್ಚುಗಲ್‌ನ ಕವಿ-ಅಧ್ಯಕ್ಷರ ಬಗ್ಗೆ ಎಂಟು ನಿಮಿಷದ ಭಾಷಣ ಸಿದ್ಧ ಮಾಡುವುದು ಹೇಗೆ?

ಕೋಲಾರದ ಹೈಸ್ಕೂಲೊಂದರಲ್ಲಿ ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವ ಮೇಡಂ ನಾನು. 'ಸಾಹಿತ್ಯ ಮತ್ತು ಸಾರ್ವಜನಿಕ ಜೀವನ' ಅಂತ ವಿಷಯ ಕೊಟ್ಟರೆ ನಮ್ಮ ಮಕ್ಕಳು ಯೋಚನೆಯೇ ಮಾಡದೆ ಡಿ.ವಿ.ಜಿ. ಎನ್ನುತ್ತಾರೆ. ಮುಳಬಾಗಿಲಿನವರು, ನಮ್ಮವರು, ಹೆಮ್ಮೆಯೇ. ಆದರೆ ಎಲ್ಲರೂ ಅವರನ್ನೇ ಹಿಡಿದರೆ ತೀರ್ಪುಗಾರರಿಗೆ ಆಕಳಿಕೆ ಬರುತ್ತದೆ. ಈ ಸಲ ತೆಯೋಫಿಲೊ ಬ್ರಾಗ ಅವರನ್ನು ತೆಗೆದುಕೊಳ್ಳಿ.

'1843ರಲ್ಲಿ ಜನಿಸಿದರು' ಎಂದು ಶುರು ಮಾಡಬೇಡಿ. ಟ್ರಾಮ್‌ನಿಂದ ಶುರು ಮಾಡಿ. ದೇಶದ ಚುಕ್ಕಾಣಿ ಹಿಡಿದ ಮೇಲೂ ಈ ಮನುಷ್ಯ ಲಿಸ್ಬನ್‌ನಲ್ಲಿ ಟ್ರಾಮ್ ಹತ್ತಿಯೇ ಓಡಾಡುತ್ತಿದ್ದರು. ಇಷ್ಟು ಹೇಳಿ ಒಂದು ಕ್ಷಣ ಸುಮ್ಮನಿರಿ. ಜನ ತಲೆ ಎತ್ತಿ ನೋಡುತ್ತಾರೆ.

ಬಾಲ್ಯಕ್ಕೆ ಒಂದೇ ನಿಮಿಷ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಪೊಂಟಾ ಡೆಲ್ಗಾಡ ಎಂಬ ಊರು. ತಾಯಿ ಬೇಗ ತೀರಿಕೊಂಡರು. 1859ರಲ್ಲಿ, ಹದಿನಾರರ ವಯಸ್ಸಿಗೇ ಮೊದಲ ಕವನ ಸಂಕಲನ. ಆಮೇಲೆ ಕೊಯಿಂಬ್ರಾದಲ್ಲಿ ಕಾನೂನು ಓದು. ಮಲತಾಯಿ ಕಾಟದ ಕಥೆಯೂ ಇದೆ, ಅದನ್ನು ಎಳೆಯಬೇಡಿ. ಸಭೆಯನ್ನು ಅಳಿಸಲು ಹೋದರೆ ಗಂಟೆ ಹೊಡೆದುಬಿಡುತ್ತಾರೆ.

ನಿಧಾನ ಮಾಡಬೇಕಾದದ್ದು ಜನಪದದ ಹತ್ತಿರ. ಬ್ರಾಗ 1867ರಲ್ಲಿ ಜನರ ಹಾಡುಗಳನ್ನು, 1883ರಲ್ಲಿ ಅಜ್ಜಿ ಕಥೆಗಳನ್ನು ಪುಸ್ತಕವಾಗಿ ಹೊರತಂದರು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಮನೆಯಲ್ಲಿ ಅಜ್ಜಿಯನ್ನು ಕೇಳಿ ರಾಗಿ ಬೀಸುವ ಪದದ ಎರಡು ಸಾಲು ಕಲಿತುಕೊಳ್ಳಿ. ತೆಲುಗಿನಲ್ಲಿದ್ದರೂ ಪರವಾಗಿಲ್ಲ, ನಮ್ಮ ಕಡೆ ಎರಡೂ ಮನೆಮಾತೇ ತಾನೇ. ವೇದಿಕೆಯಲ್ಲಿ ಅದನ್ನು ಹಾಡಿ, 'ಇಂಥವನ್ನು ಅವರು ಕೂಡಿಟ್ಟರು' ಅನ್ನಿ.

ಅಲ್ಲಿಂದ ರಾಜಕೀಯಕ್ಕೆ ದಾಟುವುದು ಸುಲಭ. ಸಾಹಿತ್ಯದ ಬೇರು ಜನರಲ್ಲಿದೆ ಎಂದು ನಂಬಿದವರಿಗೆ ದೇಶ ರಾಜನದ್ದು ಎನ್ನುವುದು ಹೇಗೆ ಒಪ್ಪಿಗೆಯಾಗುತ್ತದೆ? 1880ರಲ್ಲಿ ಮಹಾಕವಿ ಕಮೋಯಿಂಶ್ ತೀರಿಕೊಂಡು 300 ವರ್ಷವಾದ ನೆನಪಿಗೆ ದೊಡ್ಡ ಉತ್ಸವ ನಡೆಯಿತು. ಬ್ರಾಗ ಅದರ ಮುಂದಾಳುಗಳಲ್ಲಿ ಒಬ್ಬರು. ಕವಿಯ ಹೆಸರಿನ ಆ ಉತ್ಸವವೇ ಗಣರಾಜ್ಯವಾದಿಗಳ ಬಲ ಪ್ರದರ್ಶನವೂ ಆಯಿತು. ನನ್ನ ಪ್ರಕಾರ ಭಾಷಣದ ಜೀವ ಇರುವುದು ಇಲ್ಲೇ. ಕವಿ ಬೇರೆ, ರಾಜಕಾರಣಿ ಬೇರೆ ಎಂದು ತುಂಡು ಮಾಡಿದರೆ ಭಾಷಣ ಬಯೋಡೇಟಾ ಆಗಿಬಿಡುತ್ತದೆ.

ಇನ್ನು ಜಾರುವ ಜಾಗ. ಬ್ರಾಗ ಅವರನ್ನು 'ಮೊದಲ ರಾಷ್ಟ್ರಾಧ್ಯಕ್ಷ' ಎನ್ನಬೇಡಿ. 1910ರ ಅಕ್ಟೋಬರ್ 5ರಂದು ರಾಜಪ್ರಭುತ್ವ ಬಿದ್ದಾಗ ಅವರು ತಾತ್ಕಾಲಿಕ ಸರ್ಕಾರದ ಅಧ್ಯಕ್ಷರಾದರು. 1911ರಲ್ಲಿ ಮೊದಲ ರಾಷ್ಟ್ರಾಧ್ಯಕ್ಷರಾಗಿ ಚುನಾಯಿತರಾದವರು ಮನುವೆಲ್ ದೆ ಅರಿಯಾಗ. ಅರಿಯಾಗ 1915ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಬ್ರಾಗ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಆ ಕುರ್ಚಿಯಲ್ಲಿ ಕೂತರು. ಅವರು ತೀರಿಕೊಂಡದ್ದು 1924ರಲ್ಲಿ.

'ನಮಗೂ ಇವರಿಗೂ ಏನು ಸಂಬಂಧ?' ಅಂತ ತೀರ್ಪುಗಾರರು ಕೇಳಿದರೆ ಗಾಬರಿಯಾಗಬೇಡಿ. ಆಗ ಗೋವಾ ಪೋರ್ಚುಗಲ್ ಕೈಯಲ್ಲಿತ್ತು, 1961ರವರೆಗೂ ಇತ್ತು. ಲಿಸ್ಬನ್‌ನಲ್ಲಿ ರಾಜ ಇಳಿದರೆ ಪಣಜಿಯಲ್ಲೂ ರಾಜನ ಆಳ್ವಿಕೆ ಮುಗಿದಂತೆ. ಇಷ್ಟು ಹೇಳಿ, ನಮಸ್ಕಾರ ಮಾಡಿ ಕೆಳಗಿಳಿಯಿರಿ.