ಜೋಗಿಮಟ್ಟಿಯ ಚಿಟ್ಟೆ ಫೋಟೋ ಮಸುಕಾಗೋದು ನಿಂತಿದ್ದು ಹೀಗೆ

ಚಿತ್ರದುರ್ಗದ ಏಪ್ರಿಲ್ ಬಿಸಿಲು ಗೊತ್ತಲ್ವಾ. ಮೂರು ಭಾನುವಾರ ಜೋಗಿಮಟ್ಟಿ ಬೆಟ್ಟ ಹತ್ತಿದೆ, ಮೂರೂ ಸಲ ಹತ್ತು ಗಂಟೆ ಮೇಲೆ, ತಂದ ಫೋಟೋಗಳಲ್ಲಿ ಮುಕ್ಕಾಲು ಪಾಲು ಬರೀ ಮಸುಕು. ಲೆನ್ಸ್ ಕೆಟ್ಟಿದೆ ಅಂದುಕೊಂಡಿದ್ದೆ. ತಪ್ಪಿದ್ದು ಹೊತ್ತು. ಹಾರಬೇಕಾದರೆ ಚಿಟ್ಟೆಗೆ ಮೈ ಬಿಸಿಯಾಗಬೇಕು. ಬಿಸಿಲೇರಿದ ಮೇಲೆ ಒಂದು ಕಡೆ ಕೂರುವುದೇ ಕಷ್ಟ, ಬೆಳಗ್ಗೆ ಏಳರ ಸುಮಾರಿಗಾದರೆ ರೆಕ್ಕೆ ಬಿಚ್ಚಿ ಎಳೆಬಿಸಿಲು ಕಾಯಿಸುತ್ತಾ ಕೂತಿರುತ್ತದೆ.

ನಾಲ್ಕನೇ ಸಲ ಬೇಗ ಹೋದೆ. ಎಕ್ಕದ ಗಿಡದ ಹತ್ತಿರ ಸುಮ್ನೆ ಕೂತೆ, ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆ ಮೇಲೆ ಮೊಟ್ಟೆ ಇಡುತ್ತದೆ. ಬಂತು! ಕಿತ್ತಳೆ ರೆಕ್ಕೆ, ತುದಿಗೆ ಕಪ್ಪು, ಆ ಕಪ್ಪಿನಲ್ಲಿ ಬಿಳಿ ಮಚ್ಚೆ, ಕಪ್ಪು ತಲೆಯ ಮೇಲೂ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿ. ನಮ್ಮ ನೆರಳು ಮೇಲೆ ಬಿದ್ದರೆ ಹಾರಿಬಿಡುತ್ತದೆ, ಅದಕ್ಕೆ ಪಕ್ಕದಿಂದ ಮಂಡಿಯೂರಿ ನಿಧಾನಕ್ಕೆ ಸರಿದೆ. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) ಸೆಕೆಂಡಿನ 1/1000 ಪಾಲು, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 8, ಫೋಕಸ್ ಚಿಟ್ಟೆಯ ಕಣ್ಣಿನ ಮೇಲೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು, ಕ್ಯಾಮೆರಾವನ್ನು ರೆಕ್ಕೆಗೆ ಸಮವಾಗಿ ಎದುರು ಹಿಡಿದದ್ದು. ಓರೆಯಾದರೆ ಅರ್ಧ ರೆಕ್ಕೆ ಸ್ಪಷ್ಟ, ಇನ್ನರ್ಧ ಮಸುಕು.

ಇಪ್ಪತ್ತರಲ್ಲಿ ಹದಿನಾಲ್ಕು ಚೆನ್ನಾಗಿ ಬಂದಿವೆ. ಒಂದರಲ್ಲಿ ಸುರುಳಿ ಬಿಚ್ಚಿದ ಹೀರುನಳಿಗೆಯೂ ಕಾಣುತ್ತದೆ, ಅದನ್ನೇ ನಿನ್ನೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ.