ದಾವಣಗೆರೆಯಿಂದ ಹೋಗಿ ಪ್ರಾಗ್ ರಾಕ್ ಕೇಳಿ ಬರುವುದು ಹೇಗೆ

ನಮ್ಮೂರಲ್ಲಿ ಆರ್ಕೆಸ್ಟ್ರಾ ಸಿಗುತ್ತದೆ, ನಾಟಕ ಸಿಗುತ್ತದೆ, ಪ್ರೊಗ್ರೆಸಿವ್ ರಾಕ್ (ಚಿಕ್ಕದಾಗಿ ಪ್ರಾಗ್, ಉದ್ದುದ್ದ ಹಾಡು, ಬದಲಾಗುವ ತಾಳದ ರಾಕ್ ಸಂಗೀತ) ಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು. ಸುಮಾರು 260 ಕಿಲೋಮೀಟರ್. ಬಸ್ಸಲ್ಲಿ ಹೆಚ್ಚುಕಮ್ಮಿ ಐದು ಗಂಟೆ. ಎರಡು ಗಂಟೆ ಹಾಡು ಕೇಳೋಕೆ ಹತ್ತು ಗಂಟೆ ಬಸ್ಸಾ ಅಂತ ಮನೆಯಲ್ಲಿ ಕೇಳುತ್ತಾರೆ. ಕೇಳಲಿ.

ಟಿಕೆಟ್ ಆದ ದಿನದಿಂದಲೇ ತಯಾರಿ ಶುರುಮಾಡಿ. ಬ್ಯಾಂಡಿನ ಒಂದೇ ಒಂದು ಆಲ್ಬಮ್ ಹಿಡಿದು ಮೊದಲಿಂದ ಕೊನೆತನಕ ಕೇಳಿ, ಶಫಲ್ ಬೇಡ. ನಾನು ಕುಂದುವಾಡ ಕೆರೆಯಲ್ಲಿ ಬೆಳಗ್ಗೆ ನಡೆಯುವಾಗ ಕೇಳುತ್ತೇನೆ. ಇಲ್ಲಿ ಹಾಡುಗಳು ಉದ್ದ: ಯೆಸ್ ಬ್ಯಾಂಡಿನ 1972ರ ‘ಕ್ಲೋಸ್ ಟು ದಿ ಎಡ್ಜ್’ 18 ನಿಮಿಷಕ್ಕೂ ಜಾಸ್ತಿ, ಗ್ರಾಮಫೋನ್ ತಟ್ಟೆಯ ಒಂದು ಇಡೀ ಬದಿ ಅದೊಂದೇ. ಪಲ್ಲವಿ ಯಾವಾಗ ವಾಪಸ್ ಬರುತ್ತೆ ಅಂತ ಕಾಯುತ್ತಾ ಕೂತರೆ ನಿದ್ದೆ ಬರುವುದು ಗ್ಯಾರಂಟಿ. ಕಚೇರಿಯಲ್ಲಿ ಮೃದಂಗ, ಘಟದವರಷ್ಟೇ ನುಡಿಸುವ ತನಿ ಆವರ್ತನ ಕೇಳುವ ಹಾಗೆ, ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಅಂತ ನೋಡುತ್ತಾ ಹೋಗಿ.

ತಾಳದ ಲೆಕ್ಕ ತೊಡೆ ಮೇಲೆ ಹಾಕಿ. ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಏಳರ ಎಣಿಕೆಯಲ್ಲಿದೆ. ಕರ್ನಾಟಕ ಸಂಗೀತದ ಮಿಶ್ರಛಾಪು ತಾಳ ಗೊತ್ತಿದ್ದವರಿಗೆ ಏಳು ಹೊಸದೇನಲ್ಲ ಬಿಡಿ. ಮಜಾ ಎಲ್ಲಿದೆ ಅಂದರೆ, ಗಿಟಾರ್ ಸೋಲೋ ಬಂದ ಕೂಡಲೇ ಅದು ನಾಲ್ಕಕ್ಕೆ ತಿರುಗುತ್ತದೆ, ಅಷ್ಟೊತ್ತು ಕುಂಟುತ್ತಿದ್ದ ಗಾಡಿ ಟಾರ್ ರಸ್ತೆಗೆ ಹತ್ತಿದ ಹಾಗೆ ಆಗುತ್ತದೆ. ಎಣಿಸದೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಇಂಗ್ಲಿಷ್ ಬ್ಯಾಂಡುಗಳು ರುಚಿಸದಿದ್ದರೆ ಅಗಂನಿಂದ ಶುರುಮಾಡಿ. ಬೆಂಗಳೂರಿನದೇ ಬ್ಯಾಂಡು, ಕರ್ನಾಟಕ ಸಂಗೀತ ಮತ್ತು ಪ್ರಾಗ್ ಎರಡೂ ಒಂದೇ ವೇದಿಕೆಯಲ್ಲಿ ಸಿಗುತ್ತವೆ.

ಹೋಗುವ ದಿನ ಟಿಕೆಟ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಗೇಟಿನ ಹತ್ತಿರ ಜನ ಜಾಸ್ತಿಯಾದರೆ ನೆಟ್‌ವರ್ಕ್ ಕೈಕೊಡುತ್ತದೆ. ದೊಡ್ಡ ಬ್ಯಾಗ್ ಬೇಡ. ಹಳೇ ಶೂ ಸಾಕು.

ಆದರೆ ಇಯರ್‌ಪ್ಲಗ್ ಬೇಕೇ ಬೇಕು. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅಂತ ಲೆಕ್ಕ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ, 100ಕ್ಕೆ ಬಂದಾಗ ಉಳಿಯುವುದು ಬರೀ 15 ನಿಮಿಷ. ರಾಕ್ ಶೋ ಅಷ್ಟು ಸದ್ದನ್ನು ಸುಲಭವಾಗಿ ಮುಟ್ಟುತ್ತದೆ. ಫೋಮಿನ ಪ್ಲಗ್ ಆದರೂ ನಡೆಯುತ್ತೆ. ಅದನ್ನು ಸುಮ್ನೆ ತುರುಕಬೇಡಿ. ಬತ್ತಿ ಹೊಸೆದ ಹಾಗೆ ಬೆರಳಲ್ಲಿ ತೆಳ್ಳಗೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆಯಿರಿ, ಒಳಗೆ ತಳ್ಳಿ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ನಿಧಾನಕ್ಕೆ ಉಬ್ಬಿ ಕೂರುತ್ತದೆ.

ನಿಲ್ಲುವ ಜಾಗ? ಎಲ್ಲರೂ ಸ್ಟೇಜ್ ಮುಂದೆ ನುಗ್ಗುತ್ತಾರೆ, ನೀವು ಹಿಂದೆ ಸೌಂಡ್ ಮಿಕ್ಸ್ ಮಾಡುವವನ ಮೇಜಿನ ಹತ್ತಿರ ನಿಲ್ಲಿ. ಅವನು ತನ್ನ ಕಿವಿಗೆ ಸರಿಹೋಗುವ ಹಾಗೆ ತಾನೇ ಸದ್ದು ಕೂಡಿಸುವುದು? ಬಾಸ್ ಬೇರೆ, ಕೀಬೋರ್ಡ್ ಬೇರೆ ಅಂತ ಬಿಡಿಸಿ ಕೇಳಿಸುವುದು ಅಲ್ಲೇ.

ಚಪ್ಪಾಳೆ ವಿಷಯ. ನನ್ನ ಮೊದಲ ಶೋನಲ್ಲಿ ಹಾಡು ಧಡ್ ಅಂತ ನಿಂತಿತು. ನಾನು ಜೋರಾಗಿ ಚಪ್ಪಾಳೆ ತಟ್ಟಿ ಒಂದು ಶಿಳ್ಳೆನೂ ಹಾಕಿದೆ. ಇಡೀ ಹಾಲಿನಲ್ಲಿ ನನ್ನದೊಂದೇ ಶಿಳ್ಳೆ, ಯಾಕಂದರೆ ಅದು ಬರೀ ನಾಲ್ಕು ಎಣಿಕೆಯ ಮೌನ, ಹಾಡು ಇನ್ನೂ ಅರ್ಧ ಬಾಕಿ ಇತ್ತು. ಪಕ್ಕದವನು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಅವತ್ತಿಂದ ಡ್ರಮ್ಮರ್ ಕೈ ನೋಡುತ್ತೇನೆ. ಕಡ್ಡಿ ಗಾಳಿಯಲ್ಲೇ ಇದ್ದರೆ ಮುಗಿದಿಲ್ಲ. ಕಡ್ಡಿ ಕೆಳಗಿಟ್ಟು ನೀರಿನ ಬಾಟಲಿಗೆ ಕೈ ಹಾಕಿದನಾ, ಆಗ ತಟ್ಟಿ.

ಬಯಲಲ್ಲಿ ನಡೆಯುವ ಶೋ ಆದರೆ ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗಬೇಕು, ಅದು ಕಾನೂನು. ನಮಗೆ ಅದೇ ಅನುಕೂಲ. ಮೆಜೆಸ್ಟಿಕ್‌ವರೆಗೆ ಹೋಗಿ ಟ್ರಾಫಿಕ್‌ನಲ್ಲಿ ಸಾಯುವುದಕ್ಕಿಂತ ಮೆಟ್ರೋ ಹಸಿರು ಲೈನ್ ಹಿಡಿದು ಗೊರಗುಂಟೆಪಾಳ್ಯದಲ್ಲಿ ಇಳಿಯಿರಿ, ತುಮಕೂರು ರಸ್ತೆ ಹಿಡಿಯುವ ನಮ್ಮ ಕಡೆಯ ಬಸ್ಸುಗಳು ಅಲ್ಲೇ ಸಿಗುತ್ತವೆ. ಬುಕ್ ಮಾಡುವಾಗ ಹತ್ತುವ ಜಾಗವನ್ನೂ ಅಲ್ಲಿಗೇ ಕೊಡಿ.

ಬಸ್ ಹತ್ತಿದ ಮೇಲೆ ಒಂದು ಎಚ್ಚರ. ಹೋದ ಸಲ ನಾನು ಸುಸ್ತಾಗಿ ಪ್ಲಗ್ ಕಿವಿಯಲ್ಲೇ ಬಿಟ್ಟು ಮಲಗಿದ್ದೆ. ಚಿತ್ರದುರ್ಗ ಬಂದಿದ್ದು ಗೊತ್ತಿಲ್ಲ. ಕಂಡಕ್ಟರ್ ದಾವಣಗೆರೆ ದಾವಣಗೆರೆ ಅಂತ ಕೂಗಿದ್ದೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಹರಿಹರ! ಬೆಣ್ಣೆದೋಸೆ ತಿನ್ನಬೇಕಿದ್ದ ಹೊತ್ತಿಗೆ ಹರಿಹರದ ಸ್ಟ್ಯಾಂಡಿನಲ್ಲಿ ವಾಪಸ್ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಅಲಾರಂ ಇಡುವುದಾದರೆ ವೈಬ್ರೇಷನ್ನಿಗೆ ಇಟ್ಟು, ಫೋನನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳಿ.