ಕಲ್ಲುಗುಡಿಯ ಸಾಕ್ಷಿ

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡದ ಸೀಮೆ. ಇಲ್ಲಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದ ನಾನು ಕಾಡಿನ ಸೋಲಿಗ ಬುಡಕಟ್ಟಿನವರ ದೊಡ್ಡಿಗಳಿಗೆ, ಎಂದರೆ ಅವರ ಪುಟ್ಟ ಹಾಡಿಗಳಿಗೆ, ಅರಣ್ಯ ಹಕ್ಕಿನ ಅರ್ಜಿ ಬರೆಯಲು ಹೋದದ್ದು ಹೋರಾಟಗಾರನಾಗಿ ಅಲ್ಲ. ಹಿರಿಯರ ಮಾತು ನನಗೆ ಅರ್ಥವಾಗುತ್ತಿತ್ತು, ಕಚೇರಿಯ ತಮಿಳನ್ನು ಓದಲು ಬರುತ್ತಿತ್ತು, ಈ ಎರಡೂ ಇದ್ದವರು ಹತ್ತಿರದಲ್ಲಿ ಬೇರೆ ಸಿಗಲಿಲ್ಲ. ಆ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

2006ರ ಅರಣ್ಯ ಹಕ್ಕುಗಳ ಕಾಯಿದೆ ತನ್ನ ಪೀಠಿಕೆಯಲ್ಲೇ, ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಳ್ಳುತ್ತದೆ. ಆದ್ದರಿಂದಲೇ ಅದು ಭೂಮಿಯನ್ನು ಹಂಚುವ ಕಾನೂನಲ್ಲ, ಇದ್ದ ಹಕ್ಕನ್ನು ಮಾನ್ಯ ಮಾಡುವ ಕಾನೂನು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಉಳುತ್ತಿದ್ದ ಭೂಮಿಗೆ ಗರಿಷ್ಠ 4 ಹೆಕ್ಟೇರಿನವರೆಗೆ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹಕ್ಕುಪತ್ರ ಬರುತ್ತದೆ. ಅದು ಮಕ್ಕಳಿಗೆ ಹೋಗುತ್ತದೆ, ಆದರೆ ಮಾರಲು ಬರುವುದಿಲ್ಲ. ಇದನ್ನು ದೊಡ್ಡಿಯಲ್ಲಿ ವಿವರಿಸಿದಾಗ ಒಬ್ಬರು, ಮಾರುವುದಾಗಿದ್ದರೆ ಇಷ್ಟು ವರ್ಷ ಕಾಯುತ್ತಿದ್ದೆವೇ ಎಂದು ಕೇಳಿದರು.

ಕಾದದ್ದು ನಿಜ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಪ್ರದೇಶದೊಳಗಿನ ಸೋಲಿಗರ ಗ್ರಾಮಸಭೆಗಳಿಗೆ, ಇಡೀ ಊರು ಕಾಡನ್ನು ಒಟ್ಟಾಗಿ ಬಳಸುವ ಸಮುದಾಯ ಹಕ್ಕಿನ ಪತ್ರ ಸಿಕ್ಕಿತು. ಅದೇ ಕುಲದ ನೆಂಟರು ಗಡಿಯ ಈಚೆ ಬರಿಗೈಯಲ್ಲಿದ್ದರು. ತಮಿಳುನಾಡಿನಲ್ಲಿ ಹಕ್ಕುಪತ್ರ ಕೊಡುವ ಮೊದಲು ತನ್ನ ಅನುಮತಿ ಪಡೆಯಬೇಕೆಂದು ಮದ್ರಾಸ್ ಹೈಕೋರ್ಟು 2008ರಲ್ಲಿ ಮಧ್ಯಂತರ ಆದೇಶ ಹೊರಡಿಸಿತ್ತು, ಅದನ್ನು ಸುಪ್ರೀಂ ಕೋರ್ಟು ತೆಗೆದುಹಾಕುವ ಹೊತ್ತಿಗೆ 2016 ಬಂದಿತ್ತು. ಅಕ್ಕನ ಮಗನಿಗೆ ಸಿಕ್ಕಿದ್ದು ತನಗೇಕೆ ಇಲ್ಲ ಎಂದು ಕೇಳುವವರಿಗೆ ಈ ಕಥೆಯನ್ನು ಹೇಳಿ ಹೇಳಿ ನನಗೇ ಬೇಸರವಾಗಿತ್ತು.

ನನ್ನ ಮೊದಲ ಕಂತಿನ ಅರ್ಜಿಗಳು, ಅವನ್ನು ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಯಿಂದ ಹಿಂದಕ್ಕೆ ಬಂದವು, ಮತ್ತು ತಪ್ಪು ಬಹುಪಾಲು ನನ್ನದೇ. ಶಾಲೆಯಲ್ಲಿ ರಜಾ ಅರ್ಜಿಯ ಮಾದರಿಯನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸಿದವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಹಿರಿಯರ ಹೇಳಿಕೆಗೂ ಒಂದು ಮಾದರಿ ತಯಾರಿಸಿ, ಹೆಸರು ಮತ್ತು ಎಕರೆಯನ್ನು ಮಾತ್ರ ಬದಲಿಸಿ, ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿಸಿದ್ದೆ. ‘ಅನಾದಿಕಾಲದಿಂದ ಸ್ವಾಧೀನಾನುಭವದಲ್ಲಿ ಇರುತ್ತೇನೆ’ ಎಂಬ ವಾಕ್ಯ ಪ್ರತಿಯೊಂದರಲ್ಲೂ ಇತ್ತು. ಅಂಥ ಮಾತನ್ನು ಯಾವ ಸೋಲಿಗನೂ ಜನ್ಮದಲ್ಲಿ ಆಡಿರಲಿಕ್ಕಿಲ್ಲ. ಕಡತ ನೋಡಿದ ಅಧಿಕಾರಿ, ಇಷ್ಟೂ ಜನ ಒಂದೇ ಬಾಯಿಯಲ್ಲಿ ಮಾತಾಡಿದರೇ ಎಂದು ಕೇಳಿದರು. ಬಸ್ಸು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಮುಗಿಸುವವರೆಗೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಆಮೇಲೆ ನಿಯಮಗಳನ್ನು ಮೊದಲಿನಿಂದ ಓದಿದೆ. 13ನೇ ನಿಯಮದಲ್ಲಿ ಸಾಕ್ಷ್ಯದ ಪಟ್ಟಿ ಇದೆ. ಮತದಾರರ ಚೀಟಿ, ಪಡಿತರ ಚೀಟಿ, ಹಳೆಯ ನಕಾಶೆಗಳ ಜೊತೆಗೆ ಭೂಮಿಯ ಮೇಲಿನ ಬದು, ಸಮತಟ್ಟು ಮಾಡಿದ ಗುರುತು, ಬಾವಿ, ಸಮಾಧಿ ಸ್ಥಳ, ಪೂಜಾಸ್ಥಳ, ವಂಶಾವಳಿ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಎಲ್ಲವೂ ಸಾಕ್ಷ್ಯವೇ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯವು ಇರಬೇಕು. ಇಂಥದೇ ದಾಖಲೆ ತರಬೇಕೆಂದು ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲವೆಂದೂ ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವೇ ಹೊರತು ಬದಲಿಯಲ್ಲವೆಂದೂ 2012ರ ತಿದ್ದುಪಡಿ ಹೇಳುತ್ತದೆ. ಕಾಡಿನ ಭೂಮಿ ಉತ್ತಿದ್ದಕ್ಕೆ ಹಿಂದೆ ಕಟ್ಟಿದ ದಂಡದ ರಸೀದಿಯನ್ನು ಒಬ್ಬರು ಹೆದರಿಕೆಯಿಂದ ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ಆ ವರ್ಷ ಆ ಹೊಲದಲ್ಲಿ ಅವರೇ ಇದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ಯಾವುದಿದೆ! ಅದನ್ನು ಕಡತಕ್ಕೆ ಸೇರಿಸಿದೆವು.

ತೊಡಕಾದದ್ದು ‘ಅರ್ಜಿದಾರರಲ್ಲದ ಹಿರಿಯರು’ ಎಂಬ ಮಾತು. ಪುಟ್ಟ ದೊಡ್ಡಿಯಲ್ಲಿ ಹಿರಿಯರೆಲ್ಲರೂ ಅರ್ಜಿದಾರರೇ ಆಗಿರುವಾಗ ಸಾಕ್ಷಿ ಹೇಳುವವರು ಯಾರು? ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯ ಹೆಂಗಸರು ಇದಕ್ಕೆ ದಾರಿ ಹೇಳಿದರು: ಇಲ್ಲಿ ಹುಟ್ಟಿ ಬೇರೆ ಕಡೆಗೆ ಮದುವೆಯಾಗಿ ಹೋದವರನ್ನು ಕರೆಸಿ ಎಂದರು. ಹಾಗೆ ಬಂದವರು ಎಂಬತ್ತರ ಸಮೀಪದ ಒಬ್ಬ ಅಜ್ಜಿ. ಅವರನ್ನು ಕೊಳ್ಳೇಗಾಲದ ಕಡೆಯ ಪೋಡಿಗೆ (ಅಲ್ಲಿ ಹಾಡಿಗೆ ಹೇಳುವ ಹೆಸರು) ಕೊಟ್ಟಾಗ ಎರಡೂ ಕಡೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯೇ ಆಗಿತ್ತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ತವರು ಬೇರೆ ರಾಜ್ಯವಾಯಿತೆಂಬುದು ಅವರಿಗೆ ಎಷ್ಟೋ ಕಾಲ ಗೊತ್ತೇ ಇರಲಿಲ್ಲವಂತೆ.

ಜಗಲಿಯ ಮೇಲೆ ಕೂರಿಸಿ ಪ್ರಶ್ನೆ ಕೇಳಿದರೆ ಅಜ್ಜಿ ಮೂರು ಮಾತಿಗೆ ನಿಲ್ಲಿಸಿಬಿಟ್ಟರು. ‘ಕೂತ್ಕಂಡು ಹೇಳಕ್ಕಾಗಲ್ಲ ಮೇಷ್ಟ್ರೇ, ನಡ್ಕಂಡು ಹೋದ್ರೆ ಬಾಯಿಗೆ ತಾನೇ ಬತ್ತದೆ’ ಎಂದರು. ಮಾರನೆಯ ದಿನ ಬೆಳಿಗ್ಗೆ ಹೊರಟೆವು: ಮುಂದೆ ಅಜ್ಜಿ, ಅವರ ಕೈಹಿಡಿದ ಮೊಮ್ಮಗ, ಜಿಪಿಎಸ್ ಯಂತ್ರ ಹಿಡಿದ ಕಾಲೇಜು ಓದಿದ ಹುಡುಗಿ, ನೋಟ್‌ಬುಕ್ಕಿನೊಂದಿಗೆ ನಾನು. ಮೊದಲೇ ತಿಳುವಳಿಕೆ ಪತ್ರ ಕೊಟ್ಟಿದ್ದರಿಂದ ಅರಣ್ಯ ಇಲಾಖೆಯ ಗಾರ್ಡೂ ಬಂದಿದ್ದರು. ಈ ಪತ್ರವನ್ನು ಕೊಡದೆ ಹೊಲ ಅಳೆಯಲು ಹೋಗಬೇಡಿ, ಆಮೇಲೆ ಇಡೀ ಅಳತೆಯನ್ನೇ ತಳ್ಳಿಹಾಕಲು ಅದೊಂದು ನೆಪವಾಗುತ್ತದೆ.

ಲಂಟಾನದ ಮೆಳೆಯೊಳಗೆ ನನಗೆ ಏನೂ ಕಾಣುತ್ತಿರಲಿಲ್ಲ. ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿಯನ್ನು ಇಲಾಖೆ ನಿಲ್ಲಿಸಿದ ಮೇಲೆಯೇ ಇದು ಇಷ್ಟು ಹಬ್ಬಿದ್ದು ಎಂದು ಅಜ್ಜಿ ಗಾರ್ಡಿಗೆ ಕೇಳುವಂತೆಯೇ ಹೇಳಿದರು. ಅವರು ಕೋಲಿನಿಂದ ತಡವಿದ ಕಡೆ ಕೊಡಲಿಯಿಂದ ಸವರಿದರೆ ಸಾಲುಗಲ್ಲಿನ ಬದು ಸಿಕ್ಕಿತು, ಅದರಾಚೆ ಸವೆದುಹೋದ ಒರಳುಕಲ್ಲು, ಇನ್ನೂ ಮುಂದೆ ನೀರಿನ ಅಬ್ಬಿ. ಕೊನೆಗೆ ತಮ್ಮ ಕುಲದ ಕಲ್ಲುಗುಡಿಯ ಮುಂದೆ ನಿಂತು, ಸತ್ತವರ ಹೆಸರಿನಲ್ಲಿ ಇಟ್ಟ ಕಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೆಸರು ಹೇಳಿದರು. ನಾವು ಮನೆಯಲ್ಲಿ ಬರೆದಿದ್ದ ವಂಶಾವಳಿಯಲ್ಲಿ ಎರಡು ಹೆಸರು ಬಿಟ್ಟುಹೋಗಿದ್ದವೆಂದು ತಿಳಿದದ್ದು ಆಗಲೇ. ಗಾರ್ಡು ಕೂಡ ಚಪ್ಪಲಿ ಬಿಟ್ಟು ನಿಂತಿದ್ದರು, ಸ್ಥಳ ಪರಿಶೀಲನೆಯ ವರದಿಗೆ ತಕರಾರಿಲ್ಲದೆ ಸಹಿ ಹಾಕಿದರು.

ಅಲ್ಲಿಂದಾಚೆ ಪ್ರತಿ ಹೇಳಿಕೆಯನ್ನೂ ಆಡಿದ ನುಡಿಯಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ತಮಿಳು ಅನುವಾದವನ್ನು ಅದರ ಹಿಂದೆ ಲಗತ್ತಿಸತೊಡಗಿದೆ. ಮೂಲಪ್ರತಿ ಏಕೆ ಬೇಕೆಂಬುದು ಬೇಗನೆ ಗೊತ್ತಾಯಿತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅನುವಾದವನ್ನು ಟೈಪ್ ಮಾಡಿದವರು ‘ಲ’ದ ಬದಲು ‘ಳ’ವನ್ನೂ ಒತ್ತಿಬಿಟ್ಟಿದ್ದರಿಂದ ನಮ್ಮ ಕಲ್ಲುಗುಡಿ ‘ಕಳ್ಳು ಕುಡಿ’ ಆಗಿ, ಅರ್ಜಿದಾರರ ಪೂರ್ವಿಕರು ಹೆಂಡ ಕುಡಿಯುತ್ತಿದ್ದ ಜಾಗ ಎಂಬಂತೆ ಕಚೇರಿಯನ್ನು ತಲುಪಿತ್ತು. ದೊಡ್ಡಿಯವರು ಇದನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕರು. ನನಗೆ ಮಾತ್ರ ತಿದ್ದುಪಡಿಗೆಂದು ಮತ್ತೆ ಘಾಟಿ ಇಳಿಯಬೇಕಾಯಿತು.

ನಗಲಾಗದ ತೊಡಕೂ ಒಂದಿತ್ತು. ವೀರಪ್ಪನ್ ಶೋಧದ ವರ್ಷಗಳಲ್ಲಿ ಕೆಲವು ಮನೆಗಳವರು ಪೊಲೀಸರಿಗೂ ಅವನಿಗೂ ಹೆದರಿ ಹೊಲ ಬಿಟ್ಟು ಕೆಳಗಿನ ಊರುಗಳಿಗೆ ಕೂಲಿಗೆ ಹೋಗಿದ್ದರು. ಅವನು ಸತ್ತದ್ದು 2004ರ ಅಕ್ಟೋಬರ್ 18ರಂದು, ಕಾಯಿದೆಯ ಗಡುವು 2005ರ ಡಿಸೆಂಬರ್ 13. ಹದಿನಾಲ್ಕು ತಿಂಗಳೊಳಗೆ ಮರಳಿ ಬಂದು ಮೆಳೆ ಕಡಿದು ರಾಗಿ ಚೆಲ್ಲಿದವರ ಹೊಲ ಉಪಗ್ರಹ ಚಿತ್ರದಲ್ಲಿ ಕಾಡಿನಂತೆಯೇ ಕಂಡರೆ ಆಶ್ಚರ್ಯವಿಲ್ಲ. ಇಂಥ ಅರ್ಜಿಗಳಲ್ಲಿ ಬೀಳು ಬಿದ್ದ ವರ್ಷಗಳನ್ನು ಮುಚ್ಚಿಡಬಾರದೆಂಬುದು ನನ್ನ ಅಭಿಪ್ರಾಯ. ಯಾವಾಗ ಬಿಟ್ಟರು, ಏಕೆ ಬಿಟ್ಟರು, ಯಾವ ಮಳೆಗೆ ಮರಳಿ ಬಂದರು ಎಂಬುದನ್ನು ಇದ್ದಂತೆ ಬರೆದು, ಬದುವಿನ ಫೋಟೋ ಮತ್ತು ಪಕ್ಕದ ದೊಡ್ಡಿಯ ಹಿರಿಯರ ಹೇಳಿಕೆಯನ್ನು ಜೊತೆಗಿಟ್ಟೆವು.

ಹಾಡು, ಹೆಸರು, ನೆನಪುಗಳನ್ನು ದಾಖಲೆಯೆಂದು ಒಪ್ಪಿಸುವ ಪಾಡು ನಮ್ಮದಷ್ಟೇ ಅಲ್ಲವೆಂದು ತಿಳಿದದ್ದು ನಂತರ. ಕೆನಡಾದ ಗಿಟ್‌ಕ್ಸಾನ್ ಜನಾಂಗದ ವೃದ್ಧೆಯೊಬ್ಬರು ತಮ್ಮ ನೆಲದ ಹಕ್ಕಿಗೆ ಸಾಕ್ಷಿಯಾಗಿ ನ್ಯಾಯಾಲಯದಲ್ಲಿ ಕುಲದ ಹಾಡನ್ನು ಹಾಡಲು ಹೊರಟಾಗ, ತನಗೆ ಸಂಗೀತ ತಿಳಿಯದು, ಹಾಡಿ ಪ್ರಯೋಜನವಿಲ್ಲ ಎಂದು ನ್ಯಾಯಾಧೀಶರು ಅಂದಿದ್ದರಂತೆ. ಆ ನ್ಯಾಯಾಲಯ 1991ರಲ್ಲಿ ಅವರ ವಿರುದ್ಧವೇ ತೀರ್ಪು ಕೊಟ್ಟಿತು. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಾಯಿಮಾತಿನ ಇತಿಹಾಸವನ್ನು ಲಿಖಿತ ದಾಖಲೆಗೆ ಸಮನಾಗಿ ತೂಗಬೇಕೆಂದು ಹೇಳಿ, ಮೊಕದ್ದಮೆಯ ಮರುವಿಚಾರಣೆಗೆ ಆದೇಶಿಸಿತು. ನಾನು ಇದನ್ನು ಸಮಿತಿಯ ಸಭೆಯಲ್ಲಿ ಹೇಳಿದಾಗ ಅಜ್ಜಿಗೆ ಬೇಕಾಗಿದ್ದ ಸಂಗತಿ ಒಂದೇ: ಆ ಹೆಂಗಸು ಕೊನೆಗೆ ಹಾಡಿದಳೋ ಇಲ್ಲವೋ? ಹಾಡಿದಳು ಎಂದೆ.

ಎರಡನೆಯ ಕಂತಿನಲ್ಲಿ ಹೆಚ್ಚಿನ ಮನೆಗಳಿಗೆ ಹಕ್ಕುಪತ್ರ ಬಂದಿತು. ಆದರೆ ಕೆಲವರಿಗೆ ಕೇಳಿದ್ದಕ್ಕಿಂತ ಕಡಿಮೆ ಅಳತೆ ನಮೂದಾಗಿತ್ತು, ಅವರ ಪರವಾಗಿ 60 ದಿನದೊಳಗೆ ಮೇಲ್ಮನವಿ ಬರೆದುಕೊಟ್ಟೆ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಸೇರಬೇಕು, ಸೇರಿದವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು ಎಂಬ ನಿಯಮವನ್ನು ಪಾಲಿಸುವುದು ರಾಗಿ ಕೊಯ್ಲಿನ ತಿಂಗಳುಗಳಲ್ಲಿ ಆಗದ ಮಾತು, ಹಾಗಾಗಿ ಸಭೆಯನ್ನು ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳುತ್ತೇವೆ.

ಈಗ ಕೈಯಲ್ಲಿರುವುದು ಸಮುದಾಯ ಹಕ್ಕಿನ ಅರ್ಜಿ. ಅಜ್ಜಿ ಹೇಳಿದ ಹೆಸರುಗಳನ್ನು ನಕಾಶೆಯ ಮೇಲೆ ಗುರುತಿಸಿದಾಗ ಎರಡು ಅಬ್ಬಿಗಳೂ ಒಂದು ಕಲ್ಲುಗುಡಿಯೂ ರಾಜ್ಯದ ಗಡಿಯ ಆಚೆ ಬಿದ್ದಿವೆ. ಎರಡು ಗ್ರಾಮಸಭೆಗಳ ಎಲ್ಲೆ ಒಂದರ ಮೇಲೊಂದು ಬಂದರೆ ಕೂಡಿ ಕುಳಿತು ತೀರ್ಮಾನಿಸಿ ಎಂದು ನಿಯಮ ಹೇಳುತ್ತದೆ. ಎರಡು ರಾಜ್ಯಗಳ ಗ್ರಾಮಸಭೆಗಳನ್ನು ಹೇಗೆ ಕೂಡಿಸುವುದೆಂದು ವಿಚಾರಿಸಲು ಮುಂದಿನ ವಾರ ಕೊಳ್ಳೇಗಾಲದ ಕಡೆಗೆ ಹೋಗುವವರಿದ್ದೇವೆ.